ಚಿತ್ರದ ಜೊತೆಗೆ ಕನ್ನಡವೂ ಕಾಣೆ!

ಬೆಂಗಳೂರಿನಲ್ಲಿ ಕೂತು ಕಂಪ್ಯೂಟರ್ ಕುಟ್ಟುವ ಕನ್ನಡದ ತಮ್ಮಂದಿರೇ, ತಂಗಿಯರೇ, ನಿಮ್ಮ ಜೊತೆ ಸ್ವಲ್ಪ ಜಗಳವಾಡಬೇಕಿದೆ. ಹೊರಗಿನವರ ಜೊತೆ ಆಡುವ ಜಗಳಕ್ಕೆ ಮೈಕು, ಬಾವುಟ, ಮೆರವಣಿಗೆ ಎಲ್ಲಾ ಬೇಕು. ಇದು ಮನೆಯೊಳಗಿನ ಜಗಳ, ಎದುರುಬದುರು ಕೂತು ಆಡುವಂಥದ್ದು. ಮಧುಗಿರಿಯಲ್ಲಿ ಪ್ರೆಸ್ ಇಟ್ಟುಕೊಂಡು ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆ ಕರಪತ್ರ ಅಚ್ಚು ಹಾಕುವ ಪಿಯುಸಿ ಓದಿದವನು ಇಂಜಿನಿಯರುಗಳಿಗೆ ಬುದ್ಧಿ ಹೇಳಲು ಬಂದನೇ ಎಂದು ನಗಬೇಡಿ. ಅಕ್ಷರ ಎಲ್ಲಿ ಬಿದ್ದುಹೋಗುತ್ತದೆ ಅನ್ನುವುದು ದಿನಕ್ಕೆ ಹತ್ತು ಪ್ರೂಫ್ ನೋಡುವವನಿಗೆ ಗೊತ್ತಾಗುತ್ತದೆ. ಆ ಕಣ್ಣಿನಿಂದಲೇ ನೋಡಿ ಹೇಳುತ್ತಿದ್ದೇನೆ: ಇಂಟರ್‌ನೆಟ್ಟಿನಲ್ಲಿ ಚಿತ್ರ ಕಾಣದೇ ಹೋದಾಗ ಬರೀ ಚಿತ್ರ ಹೋಗುತ್ತಿಲ್ಲ. ಅದರ ಜೊತೆಗೆ ಕನ್ನಡವೂ ಹೋಗುತ್ತಿದೆ. ಇಂಗ್ಲಿಷು ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ!

ಹೇಗೆ ಅಂತೀರಾ? ನಮ್ಮ ಕಡೆಯ ಒಂದು ಸಂಸ್ಥೆಯವರು ನಾಲ್ಕು ತಾಲ್ಲೂಕುಗಳ ನೋಡತಕ್ಕ ಜಾಗಗಳ ಬಗ್ಗೆ ವೆಬ್‌ಸೈಟ್ ಮಾಡಿಸಿದರು. ಹೆಸರು ಬೇಡ, ಅವರ ಉದ್ದೇಶ ಒಳ್ಳೆಯದೇ. ಮಧುಗಿರಿಯ ಏಕಶಿಲಾ ಬೆಟ್ಟ, ಶಿರಾದ ಕೋಟೆ ಮತ್ತು ಮಲಿಕ್ ರಿಹಾನನ ಗೋರಿ, ಕಗ್ಗಲಡುವಿನ ಹುಣಸೆ ಮರಗಳ ಮೇಲೆ ಬಂದು ಗೂಡು ಕಟ್ಟುವ ಕೊಕ್ಕರೆಗಳು, ಕೊರಟಗೆರೆಯ ಸಿದ್ಧರಬೆಟ್ಟ, ಗೊರವನಹಳ್ಳಿಯ ಮಹಾಲಕ್ಷ್ಮಿ, ಪಾವಗಡದ ಶನಿಮಹಾತ್ಮನ ಗುಡಿ, ತಿರುಮಣಿಯ ಸೋಲಾರ್ ಪಾರ್ಕು. ಎಲ್ಲದಕ್ಕೂ ಬಣ್ಣಬಣ್ಣದ ಫೋಟೋ. ಮಾಡಿಕೊಟ್ಟದ್ದು ಬೆಂಗಳೂರಿನ ಹುಡುಗರು. ಉದ್ಘಾಟನೆಗೆ ಶಾಲು, ಹಾರ, ಭಾಷಣ. ಪರದೆಯ ಮೇಲೆ ಎಲ್ಲವೂ ಫಳಫಳ. ಮಾರನೇ ದಿನ ಜನ ತಮ್ಮ ತಮ್ಮ ಫೋನಿನಲ್ಲಿ ತೆರೆದು ನೋಡುತ್ತಾರೆ, ಬೆಟ್ಟವೂ ಇಲ್ಲ, ಕೊಕ್ಕರೆಯೂ ಇಲ್ಲ, ಶನಿಮಹಾತ್ಮನೂ ಇಲ್ಲ! ಸಾಲುಸಾಲಾಗಿ ಖಾಲಿ ಚೌಕ, ಮೂಲೆಯಲ್ಲಿ ಹರಿದ ಕಾಗದದಂಥ ಒಂದು ಪುಟ್ಟ ಗುರುತು.

ಇಷ್ಟಾದರೆ ನಾನು ಲೇಖನ ಬರೆಯುತ್ತಿರಲಿಲ್ಲ. ಖಾಲಿ ಚೌಕಗಳ ನಡುವೆ ಏನು ಉಳಿದಿತ್ತು ಗೊತ್ತೇ? 'ವೆಲ್‌ಕಮ್', 'ಅಬೌಟ್ ಅಸ್', 'ಹೌ ಟು ರೀಚ್', 'ಕಾಂಟ್ಯಾಕ್ಟ್'. ಇಂಗ್ಲಿಷಿನ ಒಂದಕ್ಷರವೂ ಅಲುಗಿರಲಿಲ್ಲ. ಕನ್ನಡದ ಶೀರ್ಷಿಕೆ, ಕನ್ನಡದ ಸ್ಥಳಪುರಾಣ, ಕನ್ನಡದ ಸ್ವಾಗತ ಎಲ್ಲವೂ ನಾಪತ್ತೆ. ಯಾಕೆಂದರೆ ಕನ್ನಡವನ್ನೆಲ್ಲ ಕೋರೆಲ್ ಡ್ರಾದಲ್ಲಿ ಚೆಂದವಾಗಿ ಬರೆದು, ನೆರಳು ಕೊಟ್ಟು, ಚಿತ್ರವಾಗಿ ಮಾಡಿ ಅಂಟಿಸಿದ್ದರು. ಇಂಗ್ಲಿಷನ್ನು ಮಾತ್ರ ಅಕ್ಷರವಾಗಿ ಟೈಪ್ ಮಾಡಿದ್ದರು. ಚಿತ್ರ ಬಿದ್ದಿತು, ಕನ್ನಡ ಬಿದ್ದಿತು. ಇಂಗ್ಲಿಷ್ ಅಕ್ಷರ, ಆದ್ದರಿಂದ ಉಳಿಯಿತು. ಕನ್ನಡ ಬರೀ ಅಲಂಕಾರ, ಆದ್ದರಿಂದ ಹೋಯಿತು! ಇದನ್ನು ಮಾಡಿದವರು ಕನ್ನಡ ದ್ವೇಷಿಗಳೇ? ಅಲ್ಲ ಸ್ವಾಮಿ. ನವೆಂಬರಿನಲ್ಲಿ ಕೆಂಪು ಹಳದಿ ಶಾಲು ಹೊದೆಯುವವರೇ. ಅದಕ್ಕೇ ಹೊಟ್ಟೆ ಉರಿಯುವುದು.

ಮೊದಲು ಚಿತ್ರ ಯಾಕೆ ಬರಲಿಲ್ಲ ಅನ್ನುವುದನ್ನು ನೋಡೋಣ. 'ಸರ್ವರ್ ಪ್ರಾಬ್ಲಂ ಸಾರ್' ಎಂದು ಕೈ ಝಾಡಿಸುವ ಚಾಳಿ ನಿಮ್ಮಲ್ಲಿ ಬಹಳ ಇದೆ. ಊರಿನ ಜನಕ್ಕೆ ಸರ್ವರ್ ಅಂದರೆ ಹೋಟೆಲಿನಲ್ಲಿ ಇಡ್ಲಿ ತಂದುಕೊಡುವವನು, ಆದ್ದರಿಂದ ನೀವು ಹೇಳಿದ್ದನ್ನು ನಂಬುತ್ತಾರೆ. ನಂಬಬಾರದು. ವೆಬ್‌ಸೈಟಿನ ಪುಟದೊಳಗೆ ಚಿತ್ರ ಇರುವುದಿಲ್ಲ. ಪುಟದೊಳಗೆ ಇರುವುದು ಚಿತ್ರದ ವಿಳಾಸ ಮಾತ್ರ. ಬ್ರೌಸರು ಆ ವಿಳಾಸ ಹಿಡಿದು ಹೋಗಿ ಚಿತ್ರ ತರುತ್ತದೆ. ವಿಳಾಸ ತಪ್ಪಿದರೆ ಪೋಸ್ಟ್‌ಮ್ಯಾನ್ ವಾಪಸ್ ಬರುತ್ತಾನೆ, ಅಷ್ಟೇ.

ಆ ಬೆಂಗಳೂರಿನ ಹುಡುಗರು ಕೊಟ್ಟಿದ್ದ ಅರ್ಧಕ್ಕರ್ಧ ವಿಳಾಸಗಳು ಯಾವುವು ಗೊತ್ತೇ? ಅವರದೇ ಲ್ಯಾಪ್‌ಟಾಪಿನ ಸಿ ಡ್ರೈವ್, ಡೆಸ್ಕ್‌ಟಾಪ್, ನ್ಯೂ ಫೋಲ್ಡರ್! ಅವರ ಮೇಜಿನ ಮೇಲೆ ಎಲ್ಲ ಚಿತ್ರವೂ ಬರುತ್ತಿತ್ತು, ಯಾಕೆಂದರೆ ಚಿತ್ರ ಅದೇ ಮೇಜಿನ ಮೇಲೇ ಇತ್ತು. ಉದ್ಘಾಟನೆಯ ದಿನವೂ ಬಂದದ್ದು ಅದೇ ಲ್ಯಾಪ್‌ಟಾಪ್ ಇಟ್ಟಿದ್ದರಿಂದ. ಶಿರಾದಲ್ಲಿ ಕೂತವನ ಫೋನು ತನ್ನೊಳಗೇ ಸಿ ಡ್ರೈವ್ ಹುಡುಕಿದರೆ ಎಲ್ಲಿ ಸಿಗಬೇಕು? ತಮ್ಮ ಮನೆಯಲ್ಲಿ ಹೋಳಿಗೆ ಬೇಯಿಸಿಟ್ಟು, ಊರಿಗೆಲ್ಲ ಎಲೆ ಹಾಕಿ ಕೂರಿಸಿದ ಹಾಗೆ. ಕೆಲಸ ಮುಗಿಸಿದ ಮೇಲೆ ಇನ್ನೊಬ್ಬರ ಫೋನಿನಲ್ಲಿ, ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಒಂದು ಸಲ ತೆರೆದು ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ಪ್ರೆಸ್ಸಿನಲ್ಲಿ ಇದಕ್ಕೆ ಪ್ರೂಫ್ ತೆಗೆಯುವುದು ಅನ್ನುತ್ತೇವೆ. ಪ್ರೂಫ್ ತೆಗೆಯದೆ ಸಾವಿರ ಪ್ರತಿ ಹೊಡೆದವನು ಕಾಗದದ ದುಡ್ಡನ್ನು ತನ್ನ ಜೇಬಿನಿಂದ ಕೊಡಬೇಕು. ನಿಮಗೆ ಕಾಗದದ ಖರ್ಚಿಲ್ಲ ನೋಡಿ, ಅದಕ್ಕೇ ಪ್ರೂಫಿನ ಭಯವೂ ಇಲ್ಲ.

ಉಳಿದ ಅರ್ಧದ ಕಥೆ ಇನ್ನೂ ತಮಾಷೆಯಾಗಿದೆ. ಕ್ಯಾಮೆರಾದಿಂದ ಬಂದ ಫೈಲಿನ ಹೆಸರಿನ ಬಾಲ ದೊಡ್ಡಕ್ಷರದ ಜೆಪಿಜಿ. ಪುಟದಲ್ಲಿ ಬರೆದದ್ದು ಸಣ್ಣಕ್ಷರದ ಜೆಪಿಜಿ. ವಿಂಡೋಸ್ ಎರಡನ್ನೂ ಒಂದೇ ಎಂದು ತಿಳಿಯುತ್ತದೆ. ವೆಬ್‌ಸೈಟುಗಳನ್ನು ಇಟ್ಟಿರುವ ಲಿನಕ್ಸ್ ಯಂತ್ರಗಳು ಹಾಗಲ್ಲ. ಅವಕ್ಕೆ ದೊಡ್ಡ ಎ ಬೇರೆ, ಸಣ್ಣ ಎ ಬೇರೆ, ಒಂದು ಅಂತರ ಬಿಟ್ಟರೂ ಬೇರೆ. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರ ಅನ್ನುವುದೇ ಇಲ್ಲ, ಗಮನಿಸಿ. ನಮ್ಮ ಅಕ್ಷರಮಾಲೆಯಲ್ಲಿ ದೊಡ್ಡವರು ಚಿಕ್ಕವರು ಅನ್ನುವ ಭೇದವಿಲ್ಲ. ಇಂಗ್ಲಿಷಿನ ದಾಯಾದಿ ಜಗಳಕ್ಕೆ ನಮ್ಮ ಕಗ್ಗಲಡುವಿನ ಕೊಕ್ಕರೆ ಬಲಿಯಾಯಿತು!

'ಹಾಗಾದರೆ ಫೈಲಿನ ಹೆಸರನ್ನೇ ಕನ್ನಡದಲ್ಲಿ ಇಡೋಣ' ಎಂದು ಒಬ್ಬ ಉತ್ಸಾಹಿ ತಮ್ಮ ಎದ್ದು ನಿಲ್ಲುತ್ತಾನೆ. ನಿಲ್ಲಪ್ಪಾ, ಕೂತುಕೋ. ಕನ್ನಡದ ಹೆಸರು ಓಡುವುದಿಲ್ಲ ಅಂತಲ್ಲ, ಓಡುತ್ತದೆ. ಆದರೆ ಒಳಗೆ ಏನಾಗುತ್ತದೆ ತಿಳಿದುಕೋ. ಯೂನಿಕೋಡಿನ ಲೆಕ್ಕದಲ್ಲಿ 'ಮಧುಗಿರಿ' ಅಂದರೆ ಅಕ್ಷರ, ಕೊಂಬು, ಗುಡಿಸು ಎಲ್ಲ ಸೇರಿ 7 ಸಂಕೇತ. ಒಂದೊಂದು ಸಂಕೇತಕ್ಕೂ 3 ಬೈಟ್. ವೆಬ್ ವಿಳಾಸವಾಗಿ ಸಾಗುವಾಗ ಒಂದೊಂದು ಬೈಟೂ ಒಂದು ಶೇಕಡಾ ಗುರುತು ಮತ್ತು ಎರಡು ಅಂಕಿ-ಅಕ್ಷರವಾಗಿ ಹೊರಡುತ್ತದೆ. ಅಲ್ಲಿಗೆ ನಾಲ್ಕಕ್ಷರದ ಮಧುಗಿರಿ 63 ಅಕ್ಷರದ ಗೋಜಲು. ಅದೂ ಸರಿಯಾಗಿಯೇ ತಲುಪುತ್ತದೆ ಅನ್ನು. 'ಕೋಟೆ' ಎಂದು ಹೆಸರಿಟ್ಟರೆ ಇನ್ನೊಂದು ಮೋಸವಿದೆ. ಕೋ ಅನ್ನುವುದರ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ, ಕೊಂಬು, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್ ಕಂಪ್ಯೂಟರುಗಳು ಫೈಲಿನ ಹೆಸರನ್ನು ಹೀಗೆ ತುಂಡು ಮಾಡಿಯೇ ಇಟ್ಟುಕೊಳ್ಳುತ್ತಿದ್ದವು. ಅಲ್ಲಿಂದ ಸರ್ವರಿಗೆ ಹೋದ 'ಕೋಟೆ', ಪುಟದಲ್ಲಿ ನೀನು ಟೈಪ್ ಮಾಡಿದ 'ಕೋಟೆ' ಎರಡೂ ಯಂತ್ರದ ಪಾಲಿಗೆ ಬೇರೆ ಬೇರೆ ಊರು. ನೀನು ಕಣ್ಣು ಬಿಟ್ಟುಕೊಂಡು ದಿನವೆಲ್ಲ ನೋಡಿದರೂ ವ್ಯತ್ಯಾಸ ಕಾಣುವುದಿಲ್ಲ.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವು ಅಭಿಮಾನಿಗಳಿಗೆ ಕಹಿಯಾಗಬಹುದು. ಫೈಲಿನ ಹೆಸರು ಅನ್ನುವುದು ಗೋಣಿಚೀಲದ ಮೇಲೆ ಹಮಾಲಿ ಗೀಚಿದ ನಂಬರು ಇದ್ದ ಹಾಗೆ. ಓದುಗ ಅದನ್ನು ನೋಡುವುದಿಲ್ಲ. ಅಲ್ಲಿ ಸಣ್ಣಕ್ಷರದ ಇಂಗ್ಲಿಷು, ಅಂಕಿ, ನಡುವೆ ಅಡ್ಡಗೆರೆ ಹಾಕಿ ಸುಮ್ಮನಿರಿ, ಯಾವ ಕನ್ನಡಮ್ಮನಿಗೂ ಬೇಜಾರಿಲ್ಲ. ಅಭಿಮಾನವನ್ನು ಪುಟದ ಮೇಲೆ ತೋರಿಸಿ. ನಮ್ಮವರು ಮಾಡುವುದು ಉಲ್ಟಾ. ಚೀಲದ ಮೇಲೆ ಕನ್ನಡ ಬರೆದು ಒಳಗೆ ಇಂಗ್ಲಿಷ್ ತುಂಬುತ್ತಾರೆ.

ನಮ್ಮ ಪ್ರೆಸ್ ಲೈನಿನವರದೂ ಇದರಲ್ಲಿ ಪಾಲಿದೆ, ಬಿಡುವುದು ಬೇಡ. ಪ್ರೆಸ್ಸಿಗೆ ಬೇಕಾದ ಫೈಲು ಬೇರೆ, ವೆಬ್‌ಸೈಟಿಗೆ ಬೇಕಾದ ಫೈಲು ಬೇರೆ. ಆಫ್‌ಸೆಟ್ಟಿಗೆ ನಾಲ್ಕು ಬಣ್ಣದ ಸಿಎಂವೈಕೆ ಬೇಕು. ಪರದೆಗೆ ಆರ್‌ಜಿಬಿ. ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಾಲದಲ್ಲಿ ಸಿಎಂವೈಕೆ ಜೆಪಿಜಿ ಹಾಕಿದರೆ ಚಿತ್ರದ ಬದಲು ಕೆಂಪು ಇಂಟು ಮಾರ್ಕು ಬರುತ್ತಿತ್ತು. ಈಗಿನ ಬ್ರೌಸರುಗಳು ತೋರಿಸುತ್ತವೆ, ಆದರೆ ಬಣ್ಣ ಕೆಟ್ಟು ಕುಂಕುಮ ಇಟ್ಟಿಗೆಪುಡಿಯ ಹಾಗೆ ಕಾಣಬಹುದು. ಟಿಫ್ ಫೈಲನ್ನು ಕ್ರೋಮ್ ತೋರಿಸುವುದಿಲ್ಲ, ಫೈರ್‌ಫಾಕ್ಸ್ ತೋರಿಸುವುದಿಲ್ಲ. ಕೋರೆಲ್ ಫೈಲಿನ ಬಾಲ ಕತ್ತರಿಸಿ ಜೆಪಿಜಿ ಎಂದು ಬಾಲ ಅಂಟಿಸಿದರೆ ಅದು ಜೆಪಿಜಿ ಆಗುವುದಿಲ್ಲ, ಕತ್ತೆಗೆ ಗೆರೆ ಎಳೆದರೆ ಹುಲಿ ಆಗುತ್ತದೆಯೇ? ಇನ್ನು ಎ4 ಅಳತೆಯ ಪುಟವನ್ನು 300 ಡಿಪಿಐನಲ್ಲಿ ಹಾಗೇ ಎತ್ತಿ ಹಾಕುವುದು. ಅದು 2480 ಕ್ಕೆ 3508 ಚುಕ್ಕಿ. ಒಂದು ಸಾಧಾರಣ ಫೋನಿನ ಪರದೆಯ ಅಗಲ 1080 ಚುಕ್ಕಿ ಇದ್ದರೆ ಹೆಚ್ಚು. ಅದೂ ಹತ್ತಿಪ್ಪತ್ತು ಎಂಬಿಯ ಫೈಲಾಗಿದ್ದರೆ, ಸಿಗ್ನಲ್ಲಿಗೆ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿಯುವ ಹಳ್ಳಿಯವನಿಗೆ ಆ ಚಿತ್ರ ಬರುವ ಹೊತ್ತಿಗೆ ಅವನು ಬೇಸತ್ತು ಫೋನು ಜೇಬಿಗೆ ಹಾಕಿರುತ್ತಾನೆ. ಪಾವಗಡದಲ್ಲಿ 2050 ಮೆಗಾವಾಟಿನ ಸೋಲಾರ್ ಪಾರ್ಕಿದೆ, ಸುಮಾರು 13 ಸಾವಿರ ಎಕರೆ ಬಿಸಿಲನ್ನು ನಾಡಿಗೆ ಬಡಿಸುತ್ತಿದೆ. ಅದರ ಚಿತ್ರ ಮಾತ್ರ ಪಾವಗಡದವನ ಫೋನಿಗೇ ಬರುವುದಿಲ್ಲ!

ಇನ್ನೊಂದು ರೋಗ, ಕದ್ದ ವಿಳಾಸ. ಯಾರದೋ ಸೈಟಿನಲ್ಲಿರುವ ಚಿತ್ರದ ವಿಳಾಸವನ್ನು ಎತ್ತಿ ತಮ್ಮ ಪುಟದಲ್ಲಿ ಅಂಟಿಸುವುದು. ಫೋಟೋ ತೆಗೆದವನಿಗೆ ಒಂದು ಹೆಸರೂ ಇಲ್ಲ, ಕಾಸೂ ಇಲ್ಲ. ಆ ಸೈಟಿನವರು ಒಂದು ದಿನ ಬಾಗಿಲು ಹಾಕುತ್ತಾರೆ, ನಿಮ್ಮ ಗೋಡೆ ಖಾಲಿ. 2017 ರಲ್ಲಿ ಫೋಟೋಬಕೆಟ್ ಎಂಬ ಅಮೆರಿಕದ ಕಂಪನಿ, ತನ್ನಲ್ಲಿಟ್ಟ ಚಿತ್ರವನ್ನು ಬೇರೆ ಸೈಟಿನಲ್ಲಿ ತೋರಿಸಬೇಕಾದರೆ ವರ್ಷಕ್ಕೆ ಸುಮಾರು 400 ಡಾಲರ್ ಕೊಡಿ ಎಂದು ಕೂತಿತು. ಪ್ರಪಂಚದ ತುಂಬ ಪುಟಗಳಲ್ಲಿ ರಾತ್ರೋರಾತ್ರಿ ಚಿತ್ರಗಳು ಸತ್ತವು. 2009 ರಲ್ಲಿ ಯಾಹೂದವರು ಜಿಯೋಸಿಟೀಸ್ ಮುಚ್ಚಿದಾಗಲೂ ಹೀಗೇ. ಬಾಡಿಗೆಯೂ ಕೊಡದೆ ಇನ್ನೊಬ್ಬನ ಜಗುಲಿಯಲ್ಲಿ ಮಲಗಿದವನಿಗೆ ಬೆಳಗಿನ ಜಾವ ನೀರು ಎರಚುವುದು ಖಂಡಿತ. ಫೇಸ್‌ಬುಕ್ಕಿನಿಂದ ಎತ್ತಿದ ವಿಳಾಸಕ್ಕೆ ಆಯುಸ್ಸು ಕೆಲವು ದಿನ. ಗೂಗಲ್ ಡ್ರೈವಿನ ಶೇರ್ ಲಿಂಕು ಚಿತ್ರದ ವಿಳಾಸವೇ ಅಲ್ಲ, ಚಿತ್ರ ತೋರಿಸುವ ಒಂದು ಪುಟದ ವಿಳಾಸ. ಮನೆ ಚಿತ್ರ ಕೇಳಿದರೆ ಬೀದಿ ಚಿತ್ರ ಕೊಟ್ಟ ಹಾಗೆ.

ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎಂಬ ಎರಡು ದಾರಿಗಳ ಗಲಾಟೆಯೂ ಇದೆ. ಬೀಗ ಹಾಕಿದ ಪುಟದೊಳಗೆ ಬೀಗವಿಲ್ಲದ ದಾರಿಯ ಚಿತ್ರ ಕರೆದರೆ ಈಚಿನ ಕ್ರೋಮ್ ತಾನೇ ಬೀಗದ ದಾರಿಗೆ ಬದಲಿಸಿ ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಕೈಬಿಡುತ್ತದೆ. ಹಳೆಯ ಸೈಟಿಗೆ ಹೊಸದಾಗಿ ಬೀಗ ಹಾಕಿಸಿದ ಮರುದಿನವೇ ಚಿತ್ರಗಳು ಮಾಯವಾದರೆ ಇದನ್ನು ಮೊದಲು ನೋಡಿ.

ಪತ್ತೆ ಮಾಡುವುದು ಬ್ರಹ್ಮವಿದ್ಯೆಯಲ್ಲ. ಖಾಲಿ ಚೌಕದ ಮೇಲೆ ಮೌಸಿನ ಬಲಗಿವಿ ಹಿಂಡಿ, ಚಿತ್ರವನ್ನು ಹೊಸ ಟ್ಯಾಬಿನಲ್ಲಿ ತೆರೆಯಿರಿ. 404 ಎಂದರೆ ಆ ವಿಳಾಸದಲ್ಲಿ ಏನೂ ಇಲ್ಲ: ಹೆಸರು ತಪ್ಪು, ಫೋಲ್ಡರ್ ತಪ್ಪು, ಇಲ್ಲವೇ ಫೈಲನ್ನು ಏರಿಸಿಯೇ ಇಲ್ಲ. 403 ಎಂದರೆ ಫೈಲು ಇದೆ, ಒಳಗೆ ಬಿಡುತ್ತಿಲ್ಲ: ಅನುಮತಿ ನೋಡಿ, ಸಾಮಾನ್ಯವಾಗಿ ಫೈಲಿಗೆ 644, ಫೋಲ್ಡರಿಗೆ 755 ಇರಬೇಕು. ಹೊಸ ಟ್ಯಾಬಿನಲ್ಲಿ ಚಿತ್ರ ಸರಿಯಾಗಿ ಬಂದರೆ ತಪ್ಪು ಪುಟದಲ್ಲಿದೆ. ಎಫ್12 ಒತ್ತಿ ನೆಟ್‌ವರ್ಕ್ ಎಂಬಲ್ಲಿ ನೋಡಿದರೆ ಯಾವ ಚಿತ್ರ ಸೋತಿತು ಎಂದು ಕೆಂಪಗೆ ಬರೆದಿರುತ್ತದೆ. ಹತ್ತು ನಿಮಿಷದ ಕೆಲಸ. ನಮ್ಮ ಕಡೆಯ ಆ ಸೈಟಿನಲ್ಲಿ ಇದನ್ನು ಮಾಡಲು ತೆಗೆದುಕೊಂಡದ್ದು ಐದು ವಾರ, ಯಾಕೆಂದರೆ ಹುಡುಗರು ಫೋನ್ ಎತ್ತುತ್ತಿರಲಿಲ್ಲ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಚಿತ್ರ ಇವತ್ತು ಹೋಗುತ್ತದೆ, ನಾಳೆ ಸರಿಮಾಡಿದರೆ ಬರುತ್ತದೆ. ಕನ್ನಡವನ್ನು ಚಿತ್ರದೊಳಗೆ ಕೂಡಿ ಹಾಕಿದ್ದು ಯಾರು, ಯಾಕೆ?

ಅದಕ್ಕೊಂದು ಚರಿತ್ರೆ ಇದೆ. ಒಂದು ಕಾಲಕ್ಕೆ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಕೆ.ಪಿ. ರಾಯರಂಥವರು ತಲೆ ಕೆಡಿಸಿಕೊಂಡು ಕೀಲಿಮಣೆ ಕೊಟ್ಟರು. 1998 ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಇವು ಇಲ್ಲದಿದ್ದರೆ ನನ್ನಂಥವರ ಪ್ರೆಸ್ಸು ಮುಚ್ಚುತ್ತಿತ್ತು, ಕೈಮುಗಿಯುತ್ತೇನೆ. ಆದರೆ ಆ ಹಳೆಯ ಫಾಂಟುಗಳ ಗುಟ್ಟು ಒಂದಿತ್ತು. ಕಂಪ್ಯೂಟರಿನ ಹೊಟ್ಟೆಯೊಳಗೆ ಇದ್ದದ್ದು ಇಂಗ್ಲಿಷಿನದೇ ಸಂಕೇತ, ಮೇಲೆ ಕನ್ನಡದ ವೇಷ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚಿ, ಕೊಂಬು ಟೋಪಿ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಹಾಗಾಗಿ ಅಂದಿನವರು ಬೇರೆ ದಾರಿಯಿಲ್ಲದೆ ಕನ್ನಡವನ್ನು ಚಿತ್ರ ಮಾಡಿ ಹಾಕಿದರು. ಕಾಲು ಮುರಿದವನು ಊರುಗೋಲು ಹಿಡಿದ. ತಪ್ಪೇನಿಲ್ಲ.

ಆದರೆ ಕಾಲು ಕೂಡಿ ಎಷ್ಟು ವರ್ಷವಾಯಿತು? ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991 ರಲ್ಲಿ. 2001 ರ ವಿಂಡೋಸ್ ಎಕ್ಸ್‌ಪಿಯಲ್ಲೇ 'ತುಂಗಾ' ಎಂಬ ಕನ್ನಡ ಫಾಂಟು ಇತ್ತು. 2003 ರಿಂದ ಕನ್ನಡ ವಿಕಿಪೀಡಿಯ ಬರೀ ಅಕ್ಷರದಲ್ಲೇ ಬೆಳೆದಿದೆ, ಚಿತ್ರದೊಳಗೆ ಬರೆದಲ್ಲ. ಇವತ್ತು ಕೂಲಿ ಮಾಡುವವನ ಫೋನಿನಲ್ಲೂ ಕನ್ನಡ ಅಕ್ಷರ ಬರುತ್ತದೆ. 'ಚೆಂದದ ಫಾಂಟಿಲ್ಲ ಅಣ್ಣಾ' ಅನ್ನುತ್ತೀರಿ. ನೋಟೋ ಇದೆ, ಬಾಲೂ ತಮ್ಮ ಇದೆ, ಅಕಾಯ ಕನ್ನಡಕ ಇದೆ, ಗುಬ್ಬಿ ಇದೆ, ನವಿಲು ಇದೆ. ಎಲ್ಲವೂ ಪುಕ್ಕಟೆ. ಫಾಂಟನ್ನು ಪುಟದ ಜೊತೆಯಲ್ಲೇ ಕಳಿಸುವ ವ್ಯವಸ್ಥೆಯೂ ಇದೆ. ಇನ್ನೇನು ಬೇಕು? ಕಾಲು ಗಟ್ಟಿಯಾದ ಮೇಲೂ ಊರುಗೋಲು ಬಿಡದವನಿಗೆ ಕುಂಟ ಅನ್ನುವುದಿಲ್ಲ, ಸೋಮಾರಿ ಅನ್ನುತ್ತಾರೆ.

ಮೊಳೆ ಜೋಡಿಸುವ ಕಾಲದ ಮಾತೊಂದು ಹೇಳುತ್ತೇನೆ. ಟ್ರೆಡಲ್ ಮೆಷಿನ್ನಿನ ದಿನಗಳಲ್ಲಿ ಫೋಟೋ ಅಚ್ಚು ಹಾಕಬೇಕಾದರೆ ಲೋಹದ ಬ್ಲಾಕ್ ಮಾಡಿಸಬೇಕಿತ್ತು. ನಮ್ಮಂಥ ಊರಿನವರು ಅದಕ್ಕೆ ಪಟ್ಟಣಕ್ಕೆ ಕಳಿಸಿ ಕಾಯಬೇಕು. ಎಷ್ಟೋ ಸಲ ಬ್ಲಾಕ್ ಬರುವ ಮೊದಲೇ ಅಚ್ಚಿನ ದಿನ ಬಂದುಬಿಡುತ್ತಿತ್ತು. ಆಗ ಫೋಟೋ ಜಾಗ ಖಾಲಿ ಬಿದ್ದರೂ, ಕೆಳಗೆ ಮೊಳೆಯಲ್ಲಿ ಜೋಡಿಸಿದ ಅಡಿಬರಹ ಇರುತ್ತಿತ್ತು: ಯಾರು, ಎಲ್ಲಿ, ಯಾವ ಸಭೆ. ಓದುಗನಿಗೆ ಸುದ್ದಿ ತಲುಪುತ್ತಿತ್ತು. ಅಪ್ಪನ ಕಾಲದ ಕಂಪೋಜಿಟರುಗಳು ಏಳನೇ ಕ್ಲಾಸು ಓದಿದವರು. ಅವರಿಗೆ ಗೊತ್ತಿದ್ದದ್ದು ಬಿಇ ಓದಿದ ನಿಮಗೆ ಯಾಕೆ ಗೊತ್ತಿಲ್ಲ?

ವೆಬ್‌ಸೈಟಿನಲ್ಲೂ ಆ ಅಡಿಬರಹಕ್ಕೆ ಜಾಗವಿದೆ. ಆಲ್ಟ್ ಎನ್ನುತ್ತಾರೆ. ಚಿತ್ರ ಬರದಿದ್ದರೆ ಅದರ ಬದಲು ಕಾಣಬೇಕಾದ ಬರಹ. 1997 ರ ಎಚ್‌ಟಿಎಂಎಲ್ 4 ನಿಯಮದಲ್ಲೇ ಪ್ರತಿ ಚಿತ್ರಕ್ಕೂ ಇದು ಕಡ್ಡಾಯ ಎಂದಿದೆ. ನಮ್ಮ ಸೈಟುಗಳಲ್ಲಿ ಅಲ್ಲೇನಿದೆ? ಒಂದೋ ಖಾಲಿ. ಇಲ್ಲವೇ 'ಇಮೇಜ್ 1', 'ಬ್ಯಾನರ್ ನ್ಯೂ ಫೈನಲ್'. ಚಿತ್ರದ ಮೇಲೆ ಕನ್ನಡ, ಚಿತ್ರ ಬಿದ್ದರೆ ಬರುವ ಬದಲಿ ಬರಹ ಇಂಗ್ಲಿಷ್! ಮುಖಕ್ಕೆ ಕನ್ನಡ, ಬೆನ್ನಿಗೆ ಇಂಗ್ಲಿಷ್. 'ಮಧುಗಿರಿ ಏಕಶಿಲಾ ಬೆಟ್ಟ, ಪೇಟೆ ಕಡೆಯಿಂದ ಕಾಣುವಂತೆ' ಎಂದು ಐದಾರು ಪದ ಕನ್ನಡದಲ್ಲಿ ಟೈಪ್ ಮಾಡಲು ಯಾರ ಅಪ್ಪಣೆ ಬೇಕು ನಿಮಗೆ?

'ಹೋಗಲಿ ಬಿಡಣ್ಣ, ಚಿತ್ರ ಸಾಮಾನ್ಯವಾಗಿ ಬಂದೇ ಬರುತ್ತದಲ್ಲ' ಅನ್ನುತ್ತೀರಿ. ಯಾರಿಗೆ ಬರುತ್ತದೆ? ಶಿರಾ ಕಡೆಯ ಒಬ್ಬ ಹುಡುಗ ನನ್ನ ಅಂಗಡಿಗೆ ಪ್ರಾಜೆಕ್ಟ್ ಪುಸ್ತಕ ಬೈಂಡ್ ಮಾಡಿಸಲು ಬರುತ್ತಾನೆ. ಅವನಿಗೆ ಕಣ್ಣು ಕಾಣುವುದಿಲ್ಲ. ಫೋನು ಅವನಿಗೆ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಕನ್ನಡ ಉಚ್ಚರಿಸುವ ಇ-ಸ್ಪೀಕ್‌ನಂಥ ಉಚಿತ ತಂತ್ರಾಂಶಗಳು ಎಷ್ಟೋ ವರ್ಷಗಳಿಂದ ಇವೆ. ಅವನು ಓದುವ ಕಾಲೇಜಿನ ಸೈಟಿನಲ್ಲಿ ಪರೀಕ್ಷೆ ಶುಲ್ಕದ ಕಡೇ ದಿನಾಂಕದ ಪ್ರಕಟಣೆ ಬಂತು. ಕನ್ನಡದ ಪ್ರಕಟಣೆ, ಸಂತೋಷ. ಚಿತ್ರವಾಗಿ ಹಾಕಿದ್ದರು. ಅವನ ಫೋನು ಓದಿದ್ದು ಒಂದೇ ಪದ, 'ಇಮೇಜ್'. ದಿನಾಂಕ ಕಳೆದ ಮೇಲೆ ದಂಡ ಕಟ್ಟಿದ. ಅದೇ ಸೈಟಿನ ಇಂಗ್ಲಿಷ್ ನೋಟೀಸುಗಳನ್ನು ಅವನ ಫೋನು ಪಟಪಟನೆ ಓದುತ್ತದೆ. ನೋಡಿ, ಈ ಹುಡುಗನಿಗೆ ನೀವು ಏನು ಪಾಠ ಹೇಳಿಕೊಟ್ಟಿರಿ? ಕನ್ನಡ ನಂಬಿದರೆ ದಂಡ, ಇಂಗ್ಲಿಷ್ ನಂಬಿದರೆ ಬಚಾವ್!

ಹುಡುಕುವವನ ಪಾಡೂ ಅಷ್ಟೇ. ಗೂಗಲ್ಲಿನಲ್ಲಿ 'ಸಿದ್ಧರಬೆಟ್ಟ' ಎಂದು ಕನ್ನಡದಲ್ಲಿ ಹೊಡೆದರೆ, ಚಿತ್ರದೊಳಗೆ ಕೂಡಿಟ್ಟ ಸಿದ್ಧರಬೆಟ್ಟ ಸಿಗುವುದು ದೈವಾಧೀನ. ಇಂಗ್ಲಿಷಿನಲ್ಲಿ ಹೊಡೆದರೆ ಪುಟ ತಟ್ಟನೆ ಎದುರಿಗೆ. ಆಮೇಲೆ ಕಂಪನಿಯವರು ಲೆಕ್ಕ ತೆಗೆದು 'ಕನ್ನಡದಲ್ಲಿ ಯಾರೂ ಹುಡುಕುವುದಿಲ್ಲ, ಕನ್ನಡ ಪುಟಕ್ಕೆ ಬೇಡಿಕೆ ಇಲ್ಲ' ಎನ್ನುತ್ತಾರೆ. ಅನ್ನ ಬಚ್ಚಿಟ್ಟು, ಇವನಿಗೆ ಹಸಿವೇ ಇಲ್ಲ ಅಂದ ಹಾಗೆ. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಪಾವಗಡದಲ್ಲಿ ನಿಂತು ಈ ಮಾತು ಯೋಚಿಸಿ. ತೆಲುಗು ಅಲ್ಲಿನ ಸಂತೆಯಲ್ಲೂ ಮನೆಯಲ್ಲೂ ಇದೆ. ಇರಲಿ, ಅದು ಆ ಜನರ ಮಾತು, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅಲ್ಲಿಯ ಹುಡುಗ ಸರ್ಕಾರದ ಕೆಲಸಕ್ಕೆ ಕನ್ನಡದಲ್ಲಿ ಮಾಹಿತಿ ಹುಡುಕಿದಾಗ ಖಾಲಿ ಚೌಕ ಕಂಡರೆ, ಕನ್ನಡದ ಮೇಲೆ ಅವನಿಗೆ ಯಾವ ಭರವಸೆ ಹುಟ್ಟಬೇಕು?

ಸರ್ಕಾರದವರಿಗೂ ಒಂದು ಮಾತು. ಕನ್ನಡ ಆಡಳಿತ ಭಾಷೆ ಎಂದು 1963 ರಲ್ಲೇ ಕಾನೂನಾಗಿದೆ. ಅಂಗವಿಕಲರ ಹಕ್ಕುಗಳ 2016 ರ ಕಾಯಿದೆ, ಮಾಹಿತಿ ಎಲ್ಲರಿಗೂ ನಿಲುಕುವ ರೂಪದಲ್ಲಿ ಇರಬೇಕು ಎನ್ನುತ್ತದೆ. ಸರ್ಕಾರಿ ವೆಬ್‌ಸೈಟುಗಳು ಹೇಗಿರಬೇಕು ಎಂದು ಕೇಂದ್ರದ ಮಾರ್ಗಸೂಚಿ 2009 ರಿಂದ ಇದೆ. ಆದರೂ ಕನ್ನಡದ ಸುತ್ತೋಲೆ ಅಂದರೆ ಓರೆಯಾಗಿ ಸ್ಕ್ಯಾನ್ ಮಾಡಿದ, ಸೀಲು ಬಿದ್ದು ಅರ್ಧ ಮುಚ್ಚಿದ ಕಾಗದದ ಚಿತ್ರ. ಟೈಪ್ ಮಾಡಿಯೇ ಪ್ರಿಂಟ್ ತೆಗೆದಿರುತ್ತಾರೆ, ಆ ಅಕ್ಷರ ಅವರ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಅದನ್ನು ಕಾಗದಕ್ಕೆ ಇಳಿಸಿ, ಸಹಿ ಹಾಕಿ, ಮತ್ತೆ ಫೋಟೋ ಹೊಡೆದು ಏರಿಸುತ್ತಾರೆ. ಸಹಿ ಬೇಕು ಸರಿ, ಸಹಿಯ ಪ್ರತಿಯ ಪಕ್ಕದಲ್ಲಿ ಅದೇ ಬರಹವನ್ನು ಯೂನಿಕೋಡಿನಲ್ಲಿ ಹಾಕಲು ಏನು ಧಾಡಿ? ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024 ರಲ್ಲಿ ಕಾನೂನು ತಿದ್ದಿಸಿದೆವು. ಬೀದಿಯ ಬೋರ್ಡಿಗೆ ಬಿದ್ದ ಕಣ್ಣು ಪರದೆಯ ಬೋರ್ಡಿಗೂ ಬೀಳಲಿ. ಚಿತ್ರದೊಳಗಿನ ಕನ್ನಡವನ್ನು ಲೆಕ್ಕಕ್ಕೆ ಹಿಡಿಯಬಾರದು, ಇದು ನನ್ನ ವಾದ. ಬಣ್ಣ ಬಳಿದ ಬಾಗಿಲಿನ ಚಿತ್ರದಿಂದ ಯಾರೂ ಮನೆಯೊಳಗೆ ಹೋಗಲಾರರು.

ಈಗ ಹೊಸ ಪಂಡಿತರು ಹುಟ್ಟಿದ್ದಾರೆ. 'ಎಐ ಬಂದಿದೆ ಅಣ್ಣಾ, ಚಿತ್ರದೊಳಗಿನ ಕನ್ನಡವನ್ನೂ ಅದೇ ಓದಿಕೊಳ್ಳುತ್ತದೆ' ಅಂತಾರೆ. ಓದುತ್ತದೆ, ನಾನೂ ನೋಡಿದ್ದೇನೆ. ಹಳೆಯ ಕರಪತ್ರ ಓದಿಸಲು ಬಹಳ ಒಳ್ಳೆಯದು. ಆದರೆ ಅದು ಓದಬೇಕಾದರೆ ಚಿತ್ರ ಮೊದಲು ಬರಬೇಕಲ್ಲ! ಖಾಲಿ ಚೌಕವನ್ನು ಯಾವ ಎಐ ಓದುತ್ತದೆ? ಬಂದರೂ ಒತ್ತಕ್ಷರ ತಪ್ಪಿ, ಅರ್ಕಾವತ್ತು ಹಾರಿ, ದಿನಾಂಕದ ಅಂಕಿ ಅದಲುಬದಲಾದರೆ ಆ ಶಿರಾದ ಹುಡುಗನ ದಂಡ ಅದು ಕಟ್ಟುತ್ತದೆಯೇ? ಅಕ್ಷರವನ್ನು ಚಿತ್ರ ಮಾಡಲು ಒಬ್ಬ, ಚಿತ್ರವನ್ನು ಮತ್ತೆ ಅಕ್ಷರ ಮಾಡಲು ಒಂದು ಯಂತ್ರ. ಅಕ್ಕಿಯನ್ನು ಮತ್ತೆ ಭತ್ತಕ್ಕೆ ತುಂಬಿ ಕುಟ್ಟುವ ಕೆಲಸ ಇದು.

ಆದ್ದರಿಂದ ನಿಮಗೊಂದು ಕೆಲಸ ಕೊಡುತ್ತೇನೆ. ಮೆರವಣಿಗೆಗೆ ಬರುವಷ್ಟು ಕಷ್ಟವೂ ಇಲ್ಲ. ಈ ಭಾನುವಾರ ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು, ಸೈಟ್ ಸೆಟ್ಟಿಂಗ್ಸಿನಲ್ಲಿ ಇಮೇಜಸ್ ಎಂಬುದನ್ನು ಬಂದ್ ಮಾಡಿ. ಆಮೇಲೆ ನಿಮ್ಮ ಊರಿನ, ನಿಮ್ಮ ತಾಲ್ಲೂಕಿನ, ನಿಮ್ಮ ಕಾಲೇಜಿನ, ನಿಮ್ಮ ಕಂಪನಿಯ, ನಿಮ್ಮ ಸಂಘಟನೆಯ ಸೈಟುಗಳನ್ನು ಒಂದೊಂದಾಗಿ ತೆರೆಯಿರಿ. ಕನ್ನಡದ ಸಾಲು ಎಷ್ಟು ಉಳಿದವು ಎಂದು ಎಣಿಸಿ. ನಮ್ಮ ಕಡೆಯ ಆ ಪ್ರವಾಸದ ಸೈಟಿನಲ್ಲಿ ನಾನು ಎಣಿಸಿದಾಗ ಮೂರು ಸಾಲು ಇದ್ದವು. ಒಂದರಲ್ಲಿ ಕೊರಟಗೆರೆಯನ್ನು 'ಕೊರಟಗರೆ' ಎಂದು ಬರೆದಿದ್ದರು.

ಎಣಿಸಿದ್ದನ್ನು ಆಯಾ ಸೈಟಿನವರಿಗೆ ಬರೆದು ತಿಳಿಸಿ. ಯಾವ ಪುಟ, ಯಾವ ಚಿತ್ರ, 404 ಬಂತೋ 403 ಬಂತೋ, ಯಾವ ಕನ್ನಡ ಬರಹ ಚಿತ್ರದೊಳಗೆ ಸಿಕ್ಕಿಕೊಂಡಿದೆ, ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿ. ಆ ಬರಹವನ್ನು ನೀವೇ ಯೂನಿಕೋಡಿನಲ್ಲಿ ಟೈಪ್ ಮಾಡಿ ಜೊತೆಗೆ ಕಳಿಸಿದರೆ ಅವರಿಗೆ ನೆಪ ಹೇಳಲು ಉಳಿಯುವುದಿಲ್ಲ. ಹದಿನೈದು ದಿನ ಕಾಯಿರಿ. ಸರ್ಕಾರದ ಸೈಟಾದರೆ ಉತ್ತರ ಬರುವವರೆಗೂ ಬೆನ್ನು ಬಿಡಬೇಡಿ, ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಮತ್ತೆ, ದಯವಿಟ್ಟು, ಆ ಪತ್ರವನ್ನು ಕಾಗದದ ಮೇಲೆ ಬರೆದು ಫೋಟೋ ಹೊಡೆದು ವಾಟ್ಸ್‌ಆ್ಯಪ್ ಮಾಡಬೇಡಿ. ಟೈಪ್ ಮಾಡಿ ಕಳಿಸಿ.